ತಂಬೂರಿಯಿಂದ ಕೇಳದ ಸದ್ದಿನವರೆಗೆ: ಸಿ.ವಿ. ರಾಮನ್

ಕುಂದಗೋಳ ಅಂದ್ರೆ ಧಾರವಾಡ ಕಡೆಯ ನಮಗೆ ಸವಾಯಿ ಗಂಧರ್ವರು, ನಾಡಿಗೇರ ವಾಡೆ, ತಂಬೂರಿಯ ನಾದ. ಆ ತಂಬೂರಿಯ ಝೇಂಕಾರ ಎಲ್ಲಿಂದ ಬರ್ತದೆ ಅಂತ ಹುಡುಕಿದವರಲ್ಲಿ ಸಿ.ವಿ. ರಾಮನ್ ಒಬ್ಬರು. ನಾವು ಅವರನ್ನು ಬೆಳಕಿನ ವಿಜ್ಞಾನಿ ಅಂತಷ್ಟೇ ಓದಿದ್ದೇವೆ.

1888ರಲ್ಲಿ ತಿರುಚಿರಾಪಳ್ಳಿಯಲ್ಲಿ ಹುಟ್ಟಿದ ರಾಮನ್, 1907ರಲ್ಲಿ ಕಲ್ಕತ್ತಾದಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾದರು. ಕಚೇರಿಗೆ ಮುಂಚೆ, ಕಚೇರಿ ಮುಗಿದ ಮೇಲೆ ಪ್ರಯೋಗಾಲಯ. ಪಿಟೀಲು, ವೀಣೆ, ತಬಲಾ ಎಲ್ಲವನ್ನೂ ಪರೀಕ್ಷೆಗೆ ಹಚ್ಚಿದರು. ತಂಬೂರಿಯ ಅಗಲವಾದ ಕುದುರೆಯನ್ನು ತಂತಿ ಸವರುತ್ತಾ ಕಂಪಿಸುವುದರಿಂದ, ಹಳೇ ಲೆಕ್ಕದ ಪ್ರಕಾರ ಬರಬಾರದ ಸ್ವರಾಂಶಗಳೂ ಕೇಳಿಸುತ್ತವೆ ಎಂದು 1921ರಲ್ಲಿ ತೋರಿಸಿದರು.

1930ರಲ್ಲಿ ನೊಬೆಲ್ ಬಂತು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಅಲ್ಲಿ 1935-36ರಲ್ಲಿ ಶಿಷ್ಯ ನಾಗೇಂದ್ರನಾಥ್ ಜತೆ ಕಿವಿಗೆ ಕೇಳದ ಸದ್ದಿಗೆ, ಅಂದ್ರೆ ಅಲ್ಟ್ರಾಸೌಂಡಿಗೆ ಕೈಹಾಕಿದರು. ಅಲ್ಟ್ರಾಸೌಂಡ್ ಹಾಯುವಾಗ ದ್ರವದಲ್ಲಿ ಒತ್ತು-ಸಡಿಲ ಪದರಗಳು ಏಳ್ತವೆ; ಅದರೊಳಗೆ ಬೆಳಕು ಬಿಟ್ರೆ ಗ್ರೇಟಿಂಗ್‌ನಲ್ಲಿ ಆದಂತೆ ಹಲವು ಕಿರಣಗಳಾಗಿ ಒಡೀತದೆ. ಇದರ ಲೆಕ್ಕವೇ ರಾಮನ್-ನಾಥ್ ಸಿದ್ಧಾಂತ. ಕೇಳದ ಸದ್ದನ್ನು ಕಣ್ಣಿಂದ ಅಳೆಯೋ ದಾರಿಗೆ ಅದು ಗಟ್ಟಿ ಗಣಿತ ಕೊಟ್ಟಿತು.

ಅದರಿಂದ ಏನು ಉಪಯೋಗ? ಇಂದಿನ ಯಕೃತ್ತಿನ ಕ್ಯಾನ್ಸರ್ ಚಿಕಿತ್ಸೆ ನೋಡೋಣ. ಕಸಿಗೆ ಕಾಯುವ ರೋಗಿಯ ಗಡ್ಡೆ ಮಿತಿ ಮೀರಿ ಬೆಳೆದರೆ ಕಸಿಯ ಅವಕಾಶವೇ ತಪ್ಪಬಹುದು. ಒಂದೇ ಗಡ್ಡೆಯಾದರೆ 5 ಸೆಂ.ಮೀ. ಒಳಗಿರಬೇಕು ಅನ್ನೋದು ಹೆಸರಾದ ಮಿಲಾನ್ ಅಳತೆ. ನವಲಗುಂದದಿಂದಲೋ ಕಲಘಟಗಿಯಿಂದಲೋ ದೂರದ ಊರಿಗೆ ಹೋಗಿ ಕಾಯುವ ಮನೆಮಂದಿಗೆ ಆ ತಿಂಗಳುಗಳು ಎಂಥವು ಅಂತ ಯೋಚಿಸಿ. ಹೈಫು ವಿಧಾನದಲ್ಲಿ ದೇಹವನ್ನು ಕೊಯ್ಯದೆ, ಹೊರಗಿಂದಲೇ ಅಲ್ಟ್ರಾಸೌಂಡನ್ನು ಒಂದು ಬಿಂದುವಿಗೆ ಕೂಡಿಸಿ ಗಡ್ಡೆಯನ್ನು ಸುಡ್ತಾರೆ. ಹಾಂಗ್‌ಕಾಂಗ್ ವೈದ್ಯರು ಇದನ್ನು ಕಸಿಯವರೆಗಿನ ಸೇತುವೆಯಾಗಿ ಬಳಸಿದ್ದಾರೆ. ಹಿಸ್ಟೋಟ್ರಿಪ್ಸಿ ಎಂಬ ಇನ್ನೊಂದು ವಿಧಾನ ಸುಡೋದಿಲ್ಲ; ಸೂಕ್ಷ್ಮ ಗುಳ್ಳೆಗಳನ್ನೆಬ್ಬಿಸಿ ಗಡ್ಡೆಯನ್ನು ಪುಡಿ ಮಾಡ್ತದೆ. ಯಕೃತ್ತಿನ ಗಡ್ಡೆಗಳಿಗೆ ಅದನ್ನು ಬಳಸಲು ಅಮೆರಿಕ 2023ರಲ್ಲಿ ಅನುಮತಿ ಕೊಟ್ಟಿತು.

ರಾಮನ್ ಈ ಯಂತ್ರಗಳನ್ನು ಮಾಡಲಿಲ್ಲ, ನೋಡಲೂ ಇಲ್ಲ. ಆದರೆ ಗುರಿ ಕೆಲವೇ ಮಿಲಿಮೀಟರ್ ತಪ್ಪಿದರೂ ಒಳ್ಳೆಯ ಭಾಗ ಹಾಳಾಗುವ ಈ ಕೆಲಸದಲ್ಲಿ, ಅಲೆ ಎಲ್ಲಿ ಕೂಡ್ತದೆ ಅಂತ ಮೊದಲೇ ತಿಳಿದಿರಬೇಕು. ನೀರಿನ ತೊಟ್ಟಿಯಲ್ಲಿ ಬೆಳಕು ಹಾಯಿಸಿ ಅಲೆಯ ಆಕಾರ ನೋಡುವ ಪರೀಕ್ಷೆಗಳಿಗೆ ಆ ಹಳೇ ಲೆಕ್ಕ ಇಂದಿಗೂ ಬೇಕು.

1937ರಲ್ಲಿ ಜಗಳಗಳ ನಡುವೆ ನಿರ್ದೇಶಕ ಸ್ಥಾನ ಬಿಟ್ಟರೂ ರಾಮನ್ ಪ್ರಾಧ್ಯಾಪಕರಾಗಿ ಅಲ್ಲೇ ಉಳಿದರು. 1948ರಲ್ಲಿ ನಿವೃತ್ತರಾಗಿ ತಮ್ಮದೇ ಸಂಸ್ಥೆಯಲ್ಲಿ ಕೆಲಸ ಮುಂದುವರಿಸಿ, 1970ರ ನವೆಂಬರ್ 21ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಲ್ಯಾಬಿನಲ್ಲಿ ಗ್ರೇಟಿಂಗ್ ಪ್ರಯೋಗ ಬೇಜಾರಾದಾಗ ನಾವು ಇದನ್ನ ನೆನಪಿಸಿಕೊಳ್ಳಬಹುದು: ಆ ಗೆರೆಗಳ ಲೆಕ್ಕದ ಆಚೆ ಎಲ್ಲೋ ಒಬ್ಬ ರೋಗಿ ಕಾಯ್ತಿರ್ತಾನೆ.