ಅಶೋಕ ಹೆಸರಿಟ್ಟು ಕಾಪಾಡಿದ ಜೀವಿಗಳು



ಬಿಂದುಸಾರನ ಮಗ ಅಶೋಕನಿಗೆ ಪಟ್ಟವಾದದ್ದು ಕ್ರಿ.ಪೂ. 268ರ ಸುಮಾರಿಗೆ. ಎಂಟು ವರ್ಷಗಳ ನಂತರ ಕಳಿಂಗ ಯುದ್ಧ, ಲಕ್ಷ ಜನರ ಸಾವು, ಪಶ್ಚಾತ್ತಾಪ. ಇಷ್ಟು ಎಲ್ಲರಿಗೂ ಗೊತ್ತು. ನಾನು ಮತ್ತೆ ಮತ್ತೆ ಓದುವುದು ಅದರ ನಂತರದ ಅಶೋಕನನ್ನು.

ಅರಸರ ಬೇಟೆಯ ಸವಾರಿಗಳನ್ನು ನಿಲ್ಲಿಸಿ ಆತ ಬೋಧಿವೃಕ್ಷದ ಕಡೆಗೆ ಧರ್ಮಯಾತ್ರೆ ಹೊರಟ. ಅರಮನೆಯ ಅಡುಗೆಗೆ ದಿನವೂ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲುತ್ತಿದ್ದರಂತೆ. ಅದು ಎರಡು ನವಿಲು, ಒಂದು ಜಿಂಕೆಗೆ ಇಳಿಯಿತು; ಜಿಂಕೆಯೂ ಪ್ರತಿದಿನವಲ್ಲ. ಮುಂದೆ ಅವನ್ನೂ ಕೊಲ್ಲುವುದಿಲ್ಲ ಎಂದು ಬರೆಸಿದ. ಎಲ್ಲವನ್ನೂ ಬಿಟ್ಟೆ ಎಂದು ಕೊರೆಸಿದ್ದರೆ ಚಕ್ರವರ್ತಿಯನ್ನು ಕೇಳುವವರು ಯಾರಿದ್ದರು? ಉಳಿದ ಆ ಮೂರನ್ನು ಮುಚ್ಚಿಡಲಿಲ್ಲವಲ್ಲ, ಅದಕ್ಕೇ ನನಗೆ ಆತನ ಮೇಲೆ ನಂಬಿಕೆ.

ಜೀವಿಗಳ ವಿಷಯದಲ್ಲಿ ದೃಢವಾಗಿರಬೇಕು ಎಂಬ ಮಾತು ನಮ್ಮ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯ ಬಂಡೆಯ ಮೇಲೂ ಇದೆ. ಆದರೆ ಪಟ್ಟವಾಗಿ 26 ವರ್ಷಗಳಾದ ಮೇಲೆ ಬರೆಸಿದ ಐದನೆಯ ಸ್ತಂಭಶಾಸನದಲ್ಲಿ ಆತ ಒಂದೊಂದು ಜೀವಿಯನ್ನೂ ಹೆಸರಿಡಿದು ಕರೆಯುತ್ತಾನೆ: ಗಿಳಿ, ಮೈನಾ, ಚಕ್ರವಾಕ, ಹಂಸ, ಬಾವಲಿ, ಇರುವೆ, ಆಮೆ, ಮುಳ್ಳುಹಂದಿ, ಅಳಿಲು. ಚಕ್ರವಾಕವನ್ನು ಕಾವ್ಯದಲ್ಲಷ್ಟೇ ಕಂಡ ನಮ್ಮಂಥ ಕನ್ನಡ ಮೇಷ್ಟ್ರುಗಳಿಗೆ ಈ ಪಟ್ಟಿ ಓದುವುದೇ ಒಂದು ಖುಷಿ. ತಿನ್ನಲೂ ಬಾರದ, ಬಳಕೆಗೂ ಬಾರದ ನಾಲ್ಕು ಕಾಲಿನ ಪ್ರಾಣಿಗಳನ್ನೂ ಕೊಲ್ಲಬಾರದು. ಕಾರಣವಿಲ್ಲದೆ ಕಾಡಿಗೆ ಬೆಂಕಿ ಇಡಬಾರದು. ಜೀವಿಗಳಿರುವ ಹೊಟ್ಟನ್ನೂ ಸುಡಬಾರದು. ಬಾಣಕ್ಕಿಂತ ಬೆಂಕಿ ಹೆಚ್ಚು ಜೀವ ತೆಗೆಯುತ್ತದೆಂದು ಆತನಿಗೆ ತಿಳಿದಿತ್ತು.

ಪಟ್ಟಿಯಲ್ಲಿರುವ ಪಲಸತ ಎಂದರೆ ಘೇಂಡಾಮೃಗ ಎನ್ನುತ್ತಾರೆ ಹಲವು ವಿದ್ವಾಂಸರು. ಸುತ್ತನಿಪಾತದ ಖಗ್ಗವಿಸಾಣ ಸುತ್ತವನ್ನು ನಾವು ಓದಿದ್ದೇವೆ. ಒಂಟಿಯಾಗಿ ನಡೆಯುವ ಭಿಕ್ಷುವಿಗೆ ಆ ಹೋಲಿಕೆ ಕೊಡುವಾಗ ಕೇಳುವವರಿಗೆ ಪ್ರಾಣಿ ಗುರುತಿದ್ದಿರಬೇಕು. ಆಗ ಅದು ಗಂಗೆಯ ಬಯಲಲ್ಲೇ ಇತ್ತು. ಹುಲ್ಲುಗಾವಲು ಹೊಲವಾಯಿತು, ಕೋವಿ ಬಂತು, ಕೊಂಬಿಗೆ ಬೆಲೆ ಬಂತು. 20ನೇ ಶತಮಾನದ ಆರಂಭಕ್ಕೆ ಉಳಿದದ್ದು ಸುಮಾರು 200. ಕಾಜಿರಂಗದಂಥ ಕಡೆ ಬೇಟೆ ನಿಲ್ಲಿಸಿ ಕಾದದ್ದರಿಂದ ಈಗ ಭಾರತ, ನೇಪಾಳ ಸೇರಿ 4,000 ದಾಟಿವೆ. ಕಾನೂನು ಮಾಡಿ ಕಾವಲಿಟ್ಟರೆ ಜೀವಿ ಮರಳುತ್ತದೆ.

ಇನ್ನೊಂದು ಹೆಸರು ಗಂಗಾಪುಪುಟಕ. ಇದು ಗಂಗೆಯ ಡಾಲ್ಫಿನ್ ಎಂಬುದು ಹಲವರ ಅಭಿಪ್ರಾಯ. ಬಲೆ, ಬ್ಯಾರೇಜು, ಕೊಳಚೆ ಮೂರೂ ಸೇರಿ ಅದರ ನೀರನ್ನು ಕಿರಿದಾಗಿಸಿವೆ. 2025ರಲ್ಲಿ ಪ್ರಕಟವಾದ ಎಣಿಕೆಯಂತೆ ನಮ್ಮ ದೇಶದ ನದಿಗಳಲ್ಲಿ ಆರು ಸಾವಿರದ ಚಿಲ್ಲರೆ ಇವೆ.

ಈ ಶಾಸನವಿರುವ ಒಂದು ಸ್ತಂಭವನ್ನು 14ನೇ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಟೋಪ್ರಾದಿಂದ ದೆಹಲಿಗೆ ತರಿಸಿದ. ಫಿರೋಜ್ ಷಾ ಕೋಟ್ಲಾದಲ್ಲಿ ಅದು ಇಂದಿಗೂ ನಿಂತಿದೆ. ಸಮೀಪದಲ್ಲೇ ಯಮುನೆ. 19ನೇ ಶತಮಾನದಲ್ಲಿ ಡಾಲ್ಫಿನ್‌ಗಳು ದೆಹಲಿಯವರೆಗೂ ಈಜಿ ಬರುತ್ತಿದ್ದವು. ಕಲ್ಲಿನಲ್ಲಿ ಹೆಸರು ಹಾಗೇ ಇದೆ, ಆ ನೀರಿನಲ್ಲಿ ಈಗ ಒಂದೂ ಇಲ್ಲ.