ಎಂಗೆಲ್‌ಮನ್ನರು ಮತ್ತು ನೇರಳೆ ಬ್ಯಾಕ್ಟೀರಿಯಾ

ಥಿಯೋಡೋರ್ ವಿಲ್ಹೆಲ್ಮ್ ಎಂಗೆಲ್‌ಮನ್ನರು 1843ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಗ್ರಂಥಪ್ರಕಾಶಕರೊಬ್ಬರ ಪುತ್ರರಾಗಿ ಜನಿಸಿದರು. ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಿ, ಹಾಲೆಂಡಿನ ಯೂಟ್ರೆಕ್ಟ್‌ನಲ್ಲಿ ಶರೀರಕ್ರಿಯಾಶಾಸ್ತ್ರಜ್ಞ ಡಾಂಡರ್ಸ್ ಅವರ ಸಹಾಯಕರಾದರು. 1888ರಲ್ಲಿ ಗುರುಗಳ ಪೀಠಕ್ಕೇ ಉತ್ತರಾಧಿಕಾರಿಗಳಾದರು. ಹೃದಯದ ಮಿಡಿತವು ಸ್ನಾಯುವಿನಲ್ಲಿಯೇ ಹುಟ್ಟುತ್ತದೆಂದು ಪ್ರತಿಪಾದಿಸಿದವರಲ್ಲಿ ಅವರೂ ಒಬ್ಬರು. ಸೆಲ್ಲೋ ವಾದ್ಯವನ್ನೂ ಬಲ್ಲವರು. ಸಂಗೀತಕಾರ ಬ್ರಾಹ್ಮ್ಸ್ ತಮ್ಮ ಮೂರನೆಯ ತಂತಿವಾದ್ಯ ಚತುಷ್ಕವನ್ನು ಈ ಸ್ನೇಹಿತರಿಗೇ ಅರ್ಪಿಸಿದ್ದಾರೆ.

ಹಸಿರು ಸಸ್ಯವು ಬೆಳಕಿನ ಯಾವ ಬಣ್ಣವನ್ನು ಬಳಸಿ ಆಮ್ಲಜನಕವನ್ನು ಬಿಡುತ್ತದೆ? ಒಂದು ಎಳೆ ಪಾಚಿಯಿಂದ ಹೊರಬೀಳುವ ಅತ್ಯಲ್ಪ ಅನಿಲವನ್ನು ಅಳೆಯುವ ಉಪಕರಣ ಅಂದು ಇರಲಿಲ್ಲ. 1882ರಲ್ಲಿ ಎಂಗೆಲ್‌ಮನ್ನರು ಆಮ್ಲಜನಕವನ್ನು ಅರಸಿ ಈಜುವ ಬ್ಯಾಕ್ಟೀರಿಯಾಗಳನ್ನೇ ಉಪಕರಣವಾಗಿಸಿಕೊಂಡರು. ಸೂಕ್ಷ್ಮದರ್ಶಕದ ಕೆಳಗೆ ಪಾಚಿಯ ಎಳೆಯ ಮೇಲೆ ಪುಟ್ಟ ರೋಹಿತವೊಂದನ್ನು ಬೀಳಿಸಿದಾಗ, ಅವು ಕೆಂಪು ಮತ್ತು ನೀಲಿ ಭಾಗಗಳಲ್ಲಿ ದಟ್ಟವಾಗಿ ಮುತ್ತಿಕೊಂಡವು. ನಮ್ಮ ಪಠ್ಯಪುಸ್ತಕಗಳು ಅವರ ಕಥೆಯನ್ನು ಇಲ್ಲಿಗೇ ನಿಲ್ಲಿಸಿಬಿಡುವುದು ವಿಷಾದಕರ.

ಮರುವರ್ಷವೇ ಅವರು ನೇರಳೆಗೆಂಪು ಬ್ಯಾಕ್ಟೀರಿಯಾಗಳತ್ತ ಹೊರಳಿದರು. ಇವು ಬೆಳಕಿನಿಂದ ಕತ್ತಲಿಗೆ ಕಾಲಿಟ್ಟೊಡನೆ ಬೆಚ್ಚಿದಂತೆ ಹಿಮ್ಮೆಟ್ಟುತ್ತಿದ್ದವು. ಹೀಗಾಗಿ ಬೆಳಗಿದ ತಾಣವು ಅವುಗಳಿಗೆ ಬಲೆಯೇ ಆಗುತ್ತಿತ್ತು. ರೋಹಿತವನ್ನು ಹಾಯಿಸಿದಾಗ ಅವು ಅತ್ಯಧಿಕವಾಗಿ ನೆರೆದದ್ದು ಮನುಷ್ಯನ ಕಣ್ಣಿಗೆ ಕತ್ತಲೆಯೆನಿಸುವ ಅವಕೆಂಪು ಭಾಗದಲ್ಲಿ, 800ರಿಂದ 900 ನ್ಯಾನೊಮೀಟರ್ ತರಂಗಾಂತರಗಳ ನಡುವೆ! ಅವುಗಳ ವರ್ಣಕವು ಹೀರುವ ಕಿರಣಗಳೂ ಅವೇ. ಆದುದರಿಂದ ಪತ್ರಹರಿತ್ತಿನಂತೆಯೇ ಈ ವರ್ಣಕವೂ ಬೆಳಕನ್ನು ದುಡಿಸಿಕೊಳ್ಳುತ್ತದೆಂದು ಅವರು ತೀರ್ಮಾನಿಸಿದರು.

ಆದರೆ ಬೆಳಕನ್ನು ಬಳಸುವ ಜೀವಿ ಆಮ್ಲಜನಕವನ್ನೂ ಬಿಡಲೇಬೇಕೆಂದು ಅವರು ನಂಬಿದ್ದರು. 1897ರಲ್ಲಿ ಬರ್ಲಿನ್ನಿನ ಪೀಠವನ್ನು ಅಲಂಕರಿಸಿದ ಅವರು ಇನ್ನೂ ಜೀವಂತರಾಗಿರುವಾಗಲೇ, 1907ರಲ್ಲಿ, ಹ್ಯಾನ್ಸ್ ಮೋಲಿಷ್ ಈ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ಬಿಡುವುದಿಲ್ಲವೆಂದು ತೋರಿಸಿದರು. 1909ರಲ್ಲಿ ಎಂಗೆಲ್‌ಮನ್ನರು ನಿಧನರಾದರು. ಗಂಧಕದ ನೇರಳೆ ಬ್ಯಾಕ್ಟೀರಿಯಾಗಳು ನೀರಿಗೆ ಬದಲಾಗಿ ಹೈಡ್ರೋಜನ್ ಸಲ್ಫೈಡನ್ನು ಬಳಸುತ್ತವೆಂಬ ವಿವರಣೆಯನ್ನು ವಾನ್ ನೀಲ್ 1931ರಲ್ಲಿ ನೀಡಿದರು. ಹೀಗೆ ಒಂದು ಮಾತು ಬಿದ್ದುಹೋಯಿತು. ವರ್ಣಕದ ಮಾತು ಮಾತ್ರ ಅಚಲವಾಗಿ ಉಳಿಯಿತು.

1995ರಲ್ಲಿ ಗ್ಲಾಸ್ಗೋ ನಗರದ ವಿಜ್ಞಾನಿಗಳು ಇಂಥದೊಂದು ಬ್ಯಾಕ್ಟೀರಿಯಾದ ಬೆಳಕು ಹಿಡಿಯುವ ಪ್ರೋಟೀನಿನ ರಚನೆಯನ್ನು ಕ್ಷ-ಕಿರಣಗಳಿಂದ ಬಿಡಿಸಿದರು. ಅದೊಂದು ಉಂಗುರ. ಅದರೊಳಗೆ 9 ವರ್ಣಕಾಣುಗಳ ಒಂದು ಬಳೆ 800 ನ್ಯಾನೊಮೀಟರಿನ ಬೆಳಕನ್ನೂ, 18 ವರ್ಣಕಾಣುಗಳ ಇನ್ನೊಂದು ಬಳೆ 850ರ ಬೆಳಕನ್ನೂ ಹೀರುತ್ತವೆ. ಯೂಟ್ರೆಕ್ಟ್‌ನ ಸೂಕ್ಷ್ಮದರ್ಶಕದ ಕೆಳಗೆ ಆ ಜೀವಾಣುಗಳು ಮುತ್ತಿಕೊಂಡದ್ದು ಇದೇ ಎಡೆಯಲ್ಲಿ.