ಉಸಿರಿನ ಲೆಕ್ಕ ಬರೆದ ಲವಾಸಿಯೆ



ಈ ತಿಂಗಳ ಗೋಡೆ ಪತ್ರಿಕೆಗೆ ಜೀವನ ಚರಿತ್ರೆ ಬರೆಯುವ ಸರದಿ ನನ್ನದು. ನ್ಯೂಟನ್, ಎಡಿಸನ್, ಸಿ.ವಿ. ರಾಮನ್ ಎಲ್ಲಾ ಆಗಲೇ ಬಂದು ಹೋಗಿದ್ದಾರೆ. ಅದಕ್ಕೆ ನಾನು ಫ್ರಾನ್ಸ್ ದೇಶದ ಆಂಟೊನಿ ಲವಾಸಿಯೆ ಅವರನ್ನು ಆರಿಸಿಕೊಂಡೆ. ಕೆಲವು ಪುಸ್ತಕದಲ್ಲಿ ಲವಾಸಿಯರ್ ಅಂತಲೂ ಇರುತ್ತೆ, ಆದರೆ ಕೊನೆಯ ಅಕ್ಷರವನ್ನು ಫ್ರೆಂಚರು ಉಚ್ಚರಿಸುವುದಿಲ್ಲ. ರಸಾಯನಶಾಸ್ತ್ರದ ಪಿತಾಮಹ ಎಂದು ಒಂದು ಸಾಲು ಬರೆದರೆ ನಮಗೆ ಒಂದು ಅಂಕ ಸಿಗುತ್ತೆ. ನನಗೆ ಹಿಡಿಸಿದ್ದು ಅವರ ಇನ್ನೊಂದು ಕೆಲಸ. ಉಂಡ ಅನ್ನ ಎಲ್ಲಿ ಹೋಗುತ್ತೆ, ಜೀವ ಇರುವ ಮೈ ದಿನಾ ಹೇಗೆ ಸವೆಯುತ್ತೆ ಅನ್ನೋದನ್ನು ಅವರು ತಕ್ಕಡಿ ಇಟ್ಟುಕೊಂಡು ನೋಡಿದರು.

ಮೊದಲು ನಿಮ್ಮ ಮನೆಯ ಕೊಟ್ಟಿಗೆಗೆ ಹೋಗಿ ನೋಡಿ. ಒಂದು ಎತ್ತು ದಿನಕ್ಕೆ ಎಷ್ಟು ಹುಲ್ಲು ತಿನ್ನುತ್ತೆ, ಎಷ್ಟು ನೀರು ಕುಡಿಯುತ್ತೆ! ಸಗಣಿ, ಗಂಜಲ ಎಲ್ಲಾ ಕೂಡಿಸಿದರೂ ತಿಂದು ಕುಡಿದಷ್ಟು ತೂಕ ಬರೋದಿಲ್ಲ. ಹಾಗಂತ ಎತ್ತು ದಿನೇ ದಿನೇ ದಪ್ಪ ಆಗ್ತಾ ಹೋಗುತ್ತಾ ಅಂದರೆ ಅದೂ ಇಲ್ಲ. ಉಳಿದದ್ದು ಎಲ್ಲಿ ಹೋಯ್ತು?

ಈ ಪ್ರಶ್ನೆ ಬಹಳ ಹಳೆಯದು. ಲವಾಸಿಯೆ ಹುಟ್ಟುವುದಕ್ಕೆ ನೂರು ವರ್ಷಕ್ಕೂ ಮೊದಲೇ ಇಟಲಿಯ ಪಡುವಾ ಪಟ್ಟಣದಲ್ಲಿ ಸ್ಯಾಂಟೋರಿಯೊ ಎಂಬ ವೈದ್ಯರಿದ್ದರು. ಅವರು ದೊಡ್ಡ ತಕ್ಕಡಿಯ ದಂಡಕ್ಕೆ ಕುರ್ಚಿ ನೇತುಹಾಕಿ, ಅದರ ಮೇಲೇ ಕೂತು ಊಟ ಮಾಡುತ್ತಿದ್ದರು. ಉಂಡದ್ದು, ಕುಡಿದದ್ದು, ಹೊರಗೆ ಹೋದದ್ದು ಎಲ್ಲವನ್ನೂ ತೂಗಿ ತೂಗಿ ವರ್ಷಗಟ್ಟಲೆ ಬರೆದಿಟ್ಟರು. 1614ರಲ್ಲಿ ಅದೇ ಒಂದು ಪುಸ್ತಕವಾಯಿತು. ಎಂಟು ಪೌಂಡು ತಿಂದು ಕುಡಿದರೆ ಅದರಲ್ಲಿ ಐದು ಪೌಂಡು ಕಣ್ಣಿಗೆ ಕಾಣದ ಹಾಗೆ ಮೈಯಿಂದ ಮಾಯವಾಗುತ್ತೆ ಅಂತ ಅವರ ಲೆಕ್ಕ. ಅದು ಕಾಣದ ಬೆವರು ಎಂದು ತಿಳಿದರು. ಅದರೊಳಗೆ ಏನೇನಿದೆ ಎಂಬುದು ಗೊತ್ತಾಗಲಿಲ್ಲ. ಆ ಕಾಲಕ್ಕೆ ಗಾಳಿಯಲ್ಲಿ ಬೇರೆ ಬೇರೆ ಅನಿಲಗಳಿವೆ ಅನ್ನೋದೇ ತಿಳಿದಿರಲಿಲ್ಲ.

ಇನ್ನು ನಮ್ಮ ಕಥಾನಾಯಕರ ವಿಷಯಕ್ಕೆ ಬರೋಣ. ಲವಾಸಿಯೆ ಅವರು 1743ನೇ ಇಸವಿ ಆಗಸ್ಟ್ 26ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ ವಕೀಲರು. ಐದು ವರ್ಷದ ಮಗುವಾಗಿದ್ದಾಗಲೇ ತಾಯಿ ತೀರಿಕೊಂಡರು, ಚಿಕ್ಕಮ್ಮ ಸಾಕಿದರು. ತಂದೆಯ ಹಾಗೆ ವಕೀಲಿ ಓದಿ ಪಾಸು ಮಾಡಿದರೂ ಮನಸ್ಸೆಲ್ಲಾ ವಿಜ್ಞಾನದ ಕಡೆಗೇ. 1768ರಲ್ಲಿ, ಇನ್ನೂ 25 ತುಂಬುವ ಮೊದಲೇ, ಫ್ರಾನ್ಸಿನ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು.

ಅದೇ ವರ್ಷ ಅವರು ಇನ್ನೊಂದು ಕೆಲಸಕ್ಕೂ ಸೇರಿದರು. ನಮ್ಮ ಕಡೆ ಸಂತೆ ಸುಂಕವನ್ನು ಹರಾಜಿನಲ್ಲಿ ಹಿಡಿದೋರು ವಸೂಲಿ ಮಾಡ್ತಾರಲ್ಲ, ಹಾಗೆ ಫ್ರಾನ್ಸಿನಲ್ಲಿ ಉಪ್ಪು, ತಂಬಾಕು ಇವುಗಳ ತೆರಿಗೆ ಎತ್ತುವ ಗುತ್ತಿಗೆಯನ್ನು ಒಂದು ಶ್ರೀಮಂತರ ಕೂಟ ರಾಜನಿಂದ ಪಡೆದಿತ್ತು. ಅದರಲ್ಲಿ ಲವಾಸಿಯೆ ಒಂದು ಪಾಲು ಕೊಂಡರು. ಹಣ ಚೆನ್ನಾಗಿ ಬಂತು. ಆ ಹಣದಲ್ಲೇ ಬಹಳ ಸೂಕ್ಷ್ಮವಾದ ತಕ್ಕಡಿಗಳನ್ನೂ ಗಾಜಿನ ಉಪಕರಣಗಳನ್ನೂ ಮಾಡಿಸಿಕೊಂಡರು. ಬೆಳಗ್ಗೆ ಮತ್ತು ರಾತ್ರಿ ಪ್ರಯೋಗ, ಹಗಲು ಕಚೇರಿ. ವಾರಕ್ಕೆ ಒಂದು ದಿನ ಮಾತ್ರ ಪೂರ್ತಿ ಪ್ರಯೋಗಶಾಲೆಯಲ್ಲಿ. ಕಚೇರಿಯಲ್ಲಿ ಜಮಾ ಖರ್ಚು ತಾಳೆ ನೋಡುವ ಅಭ್ಯಾಸ ಅವರ ವಿಜ್ಞಾನಕ್ಕೂ ಬಂತು ಅಂತ ನನಗನ್ನಿಸುತ್ತೆ. ಒಳಗೆ ಹೋದದ್ದು ಎಷ್ಟು, ಹೊರಗೆ ಬಂದದ್ದು ಎಷ್ಟು, ಎರಡೂ ಸರಿಹೋಗಲೇಬೇಕು.

ಒಂದು ಉದಾಹರಣೆ ಹೇಳ್ತೀನಿ. ನೀರನ್ನು ಬಹಳ ದಿನ ಕಾಯಿಸಿದರೆ ಅದು ಮಣ್ಣಾಗುತ್ತೆ ಅಂತ ಆಗ ಎಷ್ಟೋ ಜನ ನಂಬಿದ್ದರು. ಪಾತ್ರೆಯ ತಳದಲ್ಲಿ ಗಷ್ಟು ಕಾಣುತ್ತಿತ್ತು ನೋಡಿ, ಅದಕ್ಕೆ. ಲವಾಸಿಯೆ ಆವಿ ಆಚೆ ಹೋಗದಂತಹ ಗಾಜಿನ ಪಾತ್ರೆಯಲ್ಲಿ ನೀರು ಹಾಕಿ 101 ದಿನ ಬಿಡದೆ ಕಾಯಿಸಿದರು. ಆಮೇಲೆ ತೂಗಿದರೆ ನೀರು ಇದ್ದಷ್ಟೇ ಇತ್ತು, ಪಾತ್ರೆ ಮಾತ್ರ ತೂಕ ಕಳೆದುಕೊಂಡಿತ್ತು. ಆ ಗಷ್ಟು ಗಾಜು ಕರಗಿ ಬಂದದ್ದು. ನಾನಾಗಿದ್ರೆ ಮೂರನೇ ದಿನಕ್ಕೇ ಒಲೆ ಆರಿಸ್ತಿದ್ದೆ.

1771ರಲ್ಲಿ ಅವರ ಮದುವೆ. ಹುಡುಗಿ ಮೇರಿ ಆನ್, ಅದೇ ತೆರಿಗೆ ಕೂಟದ ಇನ್ನೊಬ್ಬ ಪಾಲುದಾರರ ಮಗಳು. ಗಂಡನಿಗೆ 28 ವರ್ಷ, ಆಕೆಗೆ ಬರೀ 13. ನಮ್ಮ ಈಗಿನ ಕಾನೂನಿನ ಪ್ರಕಾರ ಇದು ಬಾಲ್ಯವಿವಾಹ, ಇದನ್ನು ನಾನು ಸರಿ ಅನ್ನೋದಿಲ್ಲ. ಆದರೆ ಆ ಹುಡುಗಿ ಸುಮ್ಮನೆ ಕೂರಲಿಲ್ಲ. ರಸಾಯನಶಾಸ್ತ್ರ ಕಲಿತರು. ಇಂಗ್ಲಿಷ್ ಕಲಿತು ಪುಸ್ತಕಗಳನ್ನು ಫ್ರೆಂಚಿಗೆ ಮಾಡಿಕೊಟ್ಟರು. ಡೇವಿಡ್ ಎಂಬ ದೊಡ್ಡ ಚಿತ್ರಕಾರರ ಬಳಿ ಚಿತ್ರ ಕಲಿತು ಗಂಡನ ಉಪಕರಣಗಳನ್ನೆಲ್ಲಾ ಬರೆದರು. 1789ರಲ್ಲಿ ಬಂದ ಲವಾಸಿಯೆ ಅವರ ಪ್ರಸಿದ್ಧ ರಸಾಯನಶಾಸ್ತ್ರ ಪುಸ್ತಕದ ಚಿತ್ರಗಳು ಆಕೆಯವೇ.

ಆಗಿನ ವಿಜ್ಞಾನಿಗಳು ಬೆಂಕಿ ಎಂದರೆ ಕಳೆದುಕೊಳ್ಳುವುದು ಎಂದು ತಿಳಿದಿದ್ದರು. ಸೌದೆ ಉರಿಯುವಾಗ ಅದರೊಳಗಿನ ಫ್ಲಾಜಿಸ್ಟನ್ ಎಂಬ ವಸ್ತು ಹೊರಟು ಹೋಗುತ್ತೆ ಅಂತ. ಒಲೆಯಲ್ಲಿ ಉಳಿಯೋ ಹಿಡಿ ಬೂದಿ ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತೆ. ಲವಾಸಿಯೆ 1772ರಲ್ಲಿ ಗಂಧಕ, ರಂಜಕ ಸುಟ್ಟು ತೂಗಿದಾಗ ತೂಕ ಹೆಚ್ಚಾಗಿತ್ತು! ಅಂದ್ರೆ ಉರಿಯುವ ವಸ್ತು ಗಾಳಿಯಿಂದ ಏನನ್ನೋ ಸೇರಿಸಿಕೊಳ್ಳುತ್ತೆ. 1774ರಲ್ಲಿ ಇಂಗ್ಲೆಂಡಿನ ಪ್ರೀಸ್ಟ್ಲಿ ಪ್ಯಾರಿಸಿಗೆ ಬಂದು ತಾವು ಕಂಡ ಹೊಸ ಗಾಳಿಯ ವಿಷಯ ಊಟದ ಹೊತ್ತಿನಲ್ಲಿ ಹೇಳಿದರು. ಅದರಿಂದ ಲವಾಸಿಯೆ ಅವರಿಗೆ ದಾರಿ ಸಿಕ್ಕಿತು. ಪ್ರೀಸ್ಟ್ಲಿಗೆ ಸಲ್ಲಬೇಕಾದ ಹೆಸರನ್ನು ಅವರು ಪೂರ್ತಿಯಾಗಿ ಕೊಡಲಿಲ್ಲ, ಅದೊಂದು ಕುಂದು. ಆ ಗಾಳಿಗೆ ಇಟ್ಟ ಹೆಸರು ಮಾತ್ರ ಲವಾಸಿಯೆ ಅವರದೇ, ಆಕ್ಸಿಜನ್. ಆಮ್ಲವನ್ನು ಹುಟ್ಟಿಸುವುದು ಎಂದು ಅರ್ಥ. ನಾವು ಆಮ್ಲಜನಕ ಅನ್ನೋದು ಅದೇ ಅರ್ಥದಿಂದ. ಎಲ್ಲಾ ಆಮ್ಲಗಳಲ್ಲೂ ಅದು ಇರುತ್ತೆ ಎಂಬ ಅವರ ಊಹೆ ಮುಂದೆ ತಪ್ಪಾಯಿತು, ಹೆಸರು ಉಳಿಯಿತು.

ಈಗ ಎತ್ತಿನ ಪ್ರಶ್ನೆಗೆ ವಾಪಸ್ಸು ಬರ್ತೀನಿ. ಇದ್ದಿಲು ಉರಿದರೆ ಆಮ್ಲಜನಕ ಖರ್ಚಾಗಿ ಇಂಗಾಲದ ಡೈ ಆಕ್ಸೈಡ್ ಬರುತ್ತೆ, ಶಾಖವೂ ಬರುತ್ತೆ. ಪ್ರಾಣಿ ಉಸಿರಾಡಿದರೂ ಆಮ್ಲಜನಕ ಖರ್ಚಾಗಿ ಅದೇ ಅನಿಲ ಬರುತ್ತೆ, ಪ್ರಾಣಿಯ ಮೈಯೂ ಬಿಸಿ. ಎರಡೂ ಒಂದೇನಾ? ಇದನ್ನು ನೋಡಲು 1782-83ರ ಚಳಿಗಾಲದಲ್ಲಿ ಲವಾಸಿಯೆ ಮತ್ತು ಗಣಿತಜ್ಞ ಲಾಪ್ಲಾಸ್ ಸೇರಿ ಒಂದು ಉಪಕರಣ ಮಾಡಿದರು. ಒಂದರೊಳಗೊಂದು ಮೂರು ಪಾತ್ರೆ. ನಡುವೆ ತಂತಿ ಬುಟ್ಟಿಯಲ್ಲಿ ಗಿನಿಪಿಗ್ ಎಂಬ ಇಲಿ ಜಾತಿಯ ಸಾಧು ಪ್ರಾಣಿ, ಅದರ ಸುತ್ತ ಮಂಜುಗಡ್ಡೆ. ಕೋಣೆಯ ಶಾಖ ಒಳಗೆ ತಟ್ಟದ ಹಾಗೆ ಅದರ ಸುತ್ತ ಇನ್ನೊಂದು ಪದರ ಮಂಜುಗಡ್ಡೆ. ಪ್ರಾಣಿಯ ಮೈಶಾಖಕ್ಕೆ ಒಳಗಿನ ಮಂಜು ಕರಗಿ ಕೆಳಗೆ ನಲ್ಲಿಯಲ್ಲಿ ನೀರು ಬರುತ್ತೆ, ಅದನ್ನು ತೂಗೋದು. ಪಾಪ, ಆ ಪ್ರಾಣಿಗೆ ಎಷ್ಟು ಚಳಿಯಾಗಿತ್ತೋ! ಹತ್ತು ಗಂಟೆಯಲ್ಲಿ 13 ಔನ್ಸ್, ಅಂದರೆ ಸುಮಾರು 400 ಗ್ರಾಂ ಮಂಜು ಕರಗಿತು. ಆಮೇಲೆ, ಗಿನಿಪಿಗ್ ಹತ್ತು ಗಂಟೆಯಲ್ಲಿ ಬಿಡುವಷ್ಟೇ ಇಂಗಾಲದ ಡೈ ಆಕ್ಸೈಡ್ ಇದ್ದಿಲಿನಿಂದ ಬರಬೇಕಾದರೆ ಎಷ್ಟು ಮಂಜು ಕರಗುತ್ತೆ ಅಂತ ಲೆಕ್ಕ ಹಾಕಿದರು. ಹತ್ತೂವರೆ ಔನ್ಸಿನ ಹತ್ತಿರ ಬಂತು. ಪೂರ್ತಿ ಸರಿಹೋಗಲಿಲ್ಲ. ಚಳಿಗೆ ಪ್ರಾಣಿಯ ಮೈಯೇ ಸ್ವಲ್ಪ ತಣ್ಣಗಾಗಿ ಆ ಶಾಖವೂ ಮಂಜಿಗೆ ಸೇರಿದೆ ಎಂದರು. ಮುಂದೆ, ಮೈಯೊಳಗೆ ಇಂಗಾಲದ ಜೊತೆ ಜಲಜನಕವೂ ಉರಿದು ನೀರಾಗುತ್ತಿರಬೇಕು ಎಂದೂ ತರ್ಕಿಸಿದರು. ಅದು ನಿಜವೇ ಆಗಿತ್ತು.

ಹಾಗಾದರೆ ಉಸಿರಾಟ ಎಂದರೆ ಬಹಳ ನಿಧಾನವಾದ ಉರಿ, ಜ್ವಾಲೆ ಇಲ್ಲದ್ದು. ದೀಪಕ್ಕೆ ಎಣ್ಣೆ ಹೇಗೋ ಮೈಗೆ ಊಟ ಹಾಗೆ. ಎಣ್ಣೆ ಹಾಕದಿದ್ದರೆ ದೀಪ ಬತ್ತಿಯನ್ನೇ ತಿನ್ನುತ್ತೆ, ಊಟ ಇಲ್ಲದಿದ್ದರೆ ಮೈ ತನ್ನನ್ನೇ ತಿನ್ನುತ್ತೆ. ಹೋದ ವರ್ಷ ನಮ್ಮಜ್ಜಿ ಜ್ವರ ಬಂದು ಊಟ ಬಿಟ್ಟು ತಿಂಗಳೊಳಗೆ ಕಡ್ಡಿಯ ಹಾಗಾದರು. ಇಷ್ಟು ದಪ್ಪ ಇದ್ದ ಅಜ್ಜಿಯ ಮೈ ಎಲ್ಲಿ ಹೋಯ್ತು ಅಂತ ಕೇಳಿದ್ದಕ್ಕೆ, ಗಾಳಿಗೆ ಹೋಯ್ತು ಅಂತ ಅವರೇ ತಮಾಷೆ ಮಾಡಿದ್ದರು. ಅದು ತಮಾಷೆ ಅಲ್ಲವೇ ಅಲ್ಲ ಅಂತ ಈಗ ಗೊತ್ತಾಯ್ತು. 2014ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದ್ದಾರೆ. ಮೈಯ 10 ಕಿಲೋ ಕೊಬ್ಬು ಕರಗಿದರೆ ಅದರಲ್ಲಿ 8.4 ಕಿಲೋ ಇಂಗಾಲದ ಡೈ ಆಕ್ಸೈಡ್ ಆಗಿ ಉಸಿರಿನಲ್ಲೇ ಹೋಗುತ್ತೆ, ಉಳಿದ 1.6 ಕಿಲೋ ನೀರಾಗುತ್ತೆ.

ಲವಾಸಿಯೆ ಈ ಉರಿ ಶ್ವಾಸಕೋಶದಲ್ಲಿ ನಡೆಯುತ್ತೆ ಎಂದುಕೊಂಡಿದ್ದರು. ಅದು ಸರಿಯಲ್ಲ. ಶ್ವಾಸಕೋಶ ಬರೀ ಬಾಗಿಲು. ರಕ್ತ ಆಮ್ಲಜನಕವನ್ನು ಹೊತ್ತು ಮೈಯ ಮೂಲೆಮೂಲೆಗೆ ಕೊಡುತ್ತೆ, ಪ್ರತಿ ಜೀವಕೋಶದ ಒಳಗೆ ಆಹಾರದ ಸಕ್ಕರೆ, ಕೊಬ್ಬು ಹಂತಹಂತವಾಗಿ ಒಡೆಯುತ್ತವೆ. ಹೆಚ್ಚಿನ ಕೆಲಸ ಮೈಟೋಕಾಂಡ್ರಿಯಾದಲ್ಲಿ. ಕಾಳು ಕೂಡ ಹೀಗೇ ಉಸಿರಾಡುತ್ತೆ. ಒಣ ಹೆಸರುಕಾಳನ್ನು ತೂಗಿಟ್ಟು, ನೆನೆಸಿ, ಕತ್ತಲಲ್ಲಿ ಮೊಳಕೆ ಬರಿಸಿ, ಮತ್ತೆ ಪೂರ್ತಿ ಒಣಗಿಸಿ ತೂಗಿದರೆ ಮೊದಲಿಗಿಂತ ಕಡಿಮೆ ಇರುತ್ತೆ. ಮೊಳಕೆ ಉದ್ದ ಬೆಳೆದಿದೆ, ತೂಕ ಮಾತ್ರ ಉಸಿರಾಗಿ ಹೋಗಿದೆ.

ಗಿನಿಪಿಗ್ ಆದಮೇಲೆ ಮನುಷ್ಯನ ಸರದಿ. 1789ರಿಂದ ಸೆಗ್ವಿನ್ ಎಂಬ ಯುವಕ ತಮ್ಮ ಮೈಯನ್ನೇ ಪ್ರಯೋಗಕ್ಕೆ ಒಪ್ಪಿಸಿದರು. ರಬ್ಬರ್ ಹಾಲು ಬಳಿದ ರೇಷ್ಮೆ ಬಟ್ಟೆಯ ಚೀಲದೊಳಗೆ ಅವರು ಕೂರೋದು, ಬಾಯಿಯ ಹತ್ತಿರ ಮಾತ್ರ ರಂಧ್ರ, ಅದರ ಅಂಚನ್ನು ತುಟಿಯ ಸುತ್ತ ಅಂಟಿಸೋದು. ಆಗ ಬೆವರು ಚೀಲದಲ್ಲೇ ಉಳಿಯುತ್ತೆ, ಉಸಿರು ಮಾತ್ರ ಆಚೆ ಹೋಗುತ್ತೆ. ಚೀಲ ಇದ್ದಾಗ, ಇಲ್ಲದಾಗ ತೂಗಿ ಎರಡನ್ನೂ ಬೇರೆ ಮಾಡಿದರು. ಸರಾಸರಿ ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಗ್ರಾಂ ಮೈಯಿಂದ ಹೋಗುತ್ತೆ. ದಿನಕ್ಕೆ 1 ಕಿಲೋ 400 ಗ್ರಾಂ ಹತ್ತಿರ! ಹದಿನೆಂಟು ಪಾಲಿನಲ್ಲಿ ಹನ್ನೊಂದು ಚರ್ಮದಿಂದ, ಏಳು ಉಸಿರಿನಿಂದ. ಸ್ಯಾಂಟೋರಿಯೊ ಅವರ ಕಾಣದ ಬೆವರಿಗೆ ಕೊನೆಗೂ ಲೆಕ್ಕ ಸಿಕ್ಕಿತು.

ಇನ್ನೊಂದು ಸಂಗತಿ ಕಂಡಿತು. ಸೆಗ್ವಿನ್ ಕಾಲಿನಿಂದ ಭಾರ ಎತ್ತುವ ಕೆಲಸ ಮಾಡಿದಾಗ, ಸುಮ್ಮನೆ ಕೂತಾಗಿನ ಎರಡು ಪಟ್ಟಿಗೂ ಹೆಚ್ಚು ಆಮ್ಲಜನಕ ಖರ್ಚಾಯಿತು. ಇಲ್ಲಿ ಲವಾಸಿಯೆ ಬರೀ ಅಂಕಿ ಬರೆದು ಸುಮ್ಮನಾಗಲಿಲ್ಲ. ಮೈಮುರಿದು ದುಡಿಯುವ ಬಡವ ತನ್ನ ಮೈಯನ್ನು ಹೆಚ್ಚು ಸುಡುತ್ತಾನೆ, ಅವನಿಗೆ ಹೆಚ್ಚು ಊಟ ಬೇಕು, ಆದರೆ ಹೊಟ್ಟೆತುಂಬ ಸಿಗೋದು ಕೂತು ತಿನ್ನೋ ಶ್ರೀಮಂತನಿಗೆ. ಸಮಾಜ ಇದನ್ನು ಸರಿಮಾಡಬೇಕು ಎಂಬರ್ಥದ ಮಾತನ್ನು ಆ ವಿಜ್ಞಾನ ಪ್ರಬಂಧದಲ್ಲೇ ಸೇರಿಸಿದರು. ನಮ್ಮೂರಿಂದ ಕಬ್ಬು ಕಡಿಯಲು ಹೋಗೋರ ಬುತ್ತಿ ನೋಡಿದೋರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಬಡವರ ಸಿಟ್ಟೇ ಅವರ ಕಡೆಗೂ ತಿರುಗಿತು. 1789ರಲ್ಲಿ ಫ್ರಾನ್ಸಿನ ಕ್ರಾಂತಿ ಶುರುವಾಗಿತ್ತು. ಉಪ್ಪಿನ ತೆರಿಗೆ ಎತ್ತಿದವರನ್ನು ಜನ ಮರೆತಿರಲಿಲ್ಲ. ಸುಂಕ ತಪ್ಪಿಸಬಾರದೆಂದು ಪ್ಯಾರಿಸ್ ಸುತ್ತ ಗೋಡೆ ಕಟ್ಟುವ ಸಲಹೆ ಕೊಟ್ಟವರೂ ಲವಾಸಿಯೆ ಅವರೇ. 1793ರ ನವೆಂಬರಿನಲ್ಲಿ ತೆರಿಗೆ ಕೂಟದವರನ್ನೆಲ್ಲಾ ಸೆರೆಹಿಡಿದರು. ತಂಬಾಕಿಗೆ ನೀರು ಬೆರೆಸಿ ತೂಕ ಹೆಚ್ಚಿಸಿದರು ಎನ್ನುವುದೂ ಆರೋಪಗಳಲ್ಲಿ ಒಂದು. ಜನರ ಸಿಟ್ಟಿಗೆ ಕಾರಣವೇ ಇರಲಿಲ್ಲ ಅಂತ ನಾನು ಹೇಳಲಾರೆ. ಆದರೆ ಒಬ್ಬೊಬ್ಬರ ತಪ್ಪು ಎಷ್ಟು ಅಂತ ತೂಗಿ ನೋಡುವ ತಾಳ್ಮೆ ಆ ನ್ಯಾಯಾಲಯಕ್ಕೆ ಇರಲಿಲ್ಲ. 1794ರ ಮೇ 8ರಂದು ವಿಚಾರಣೆ, ಅದೇ ದಿನ ಗಿಲೊಟಿನ್ ಎಂಬ ತಲೆ ಕಡಿಯುವ ಯಂತ್ರಕ್ಕೆ 28 ಜನ. ಮೊದಲು ಮಾವನವರು, ಅವರ ಹಿಂದೆಯೇ ಲವಾಸಿಯೆ. ಆಗ ಅವರ ವಯಸ್ಸು 50. ಉಸಿರಾಟದ ಪ್ರಯೋಗಗಳು ಅರ್ಧಕ್ಕೇ ನಿಂತವು.

ಒಂದೇ ದಿನ ತಂದೆಯನ್ನೂ ಗಂಡನನ್ನೂ ಕಳೆದುಕೊಂಡ ಮೇರಿ ಆನ್ ಅವರನ್ನೂ ಕೆಲ ಕಾಲ ಜೈಲಿನಲ್ಲಿಟ್ಟರು. ಜಪ್ತಿಯಾದ ಪುಸ್ತಕ, ಉಪಕರಣಗಳು ಮುಂದೆ ಅವರಿಗೆ ವಾಪಸ್ಸು ಬಂದವು. ಗಂಡನ ಪ್ರಬಂಧಗಳನ್ನು ಅಚ್ಚು ಮಾಡಿಸಿ 1805ರಲ್ಲಿ ವಿಜ್ಞಾನಿಗಳಿಗೆ ಹಂಚಿದರು. ರಮ್‌ಫರ್ಡ್ ಎಂಬ ಇನ್ನೊಬ್ಬ ವಿಜ್ಞಾನಿಯನ್ನು ಮದುವೆಯಾದರೂ ಲವಾಸಿಯೆ ಎಂಬ ಹೆಸರನ್ನು ಬಿಡಲಿಲ್ಲ, ಆ ಮದುವೆ ಹೆಚ್ಚು ಕಾಲ ಉಳಿಯಲೂ ಇಲ್ಲ. 1836ರಲ್ಲಿ ತೀರಿಕೊಂಡರು. ಸೆಗ್ವಿನ್ ಪ್ರಯೋಗಗಳ ಚಿತ್ರಗಳನ್ನು ಅವರೇ ಬರೆದಿದ್ದರು, ಅವು ಈಗಲೂ ಇವೆ. ಒಂದರಲ್ಲಿ ಸೆಗ್ವಿನ್ ಮುಖಕ್ಕೆ ನಳಿಗೆ ಕಟ್ಟಿಕೊಂಡು ಕಾಲಿನಿಂದ ಭಾರ ಒತ್ತುತ್ತಿದ್ದಾರೆ, ಒಬ್ಬರು ನಾಡಿ ಹಿಡಿದಿದ್ದಾರೆ, ಲವಾಸಿಯೆ ನಿಂತು ಏನೋ ಹೇಳುತ್ತಿದ್ದಾರೆ. ಬಲಗಡೆ ಮೇಜಿನ ಮುಂದೆ ಮೇರಿ ಆನ್ ಕೂತು ಅಂಕಿಗಳನ್ನು ಬರೆದುಕೊಳ್ಳುತ್ತಿದ್ದಾರೆ.